ಎರಡು ನುಡಿಯ ಮಕ್ಕಳು: ನೂರು ವರ್ಷಗಳ ಒಂದು ವ್ಯಾಜ್ಯ

ಕಳೆದ ದೀಪಾವಳಿಯ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ, ಈಚೆಗೆ ಈ ಊರಿಗೆ ಬಂದ ತರುಣ ದಂಪತಿಗಳು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಮಗುವಿಗೆ ಮೂರು ವರ್ಷ; ಮಾತು ಕೊಂಚ ತಡ. "ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಎಂದರೆ ಮಗುವಿನ ತಲೆ ಗೊಂದಲವಾಗುತ್ತದಂತೆ, ಹೌದೇ? ನೀವು ನಿಮ್ಮ ಮಗಳ ವಿಷಯದಲ್ಲಿ ಏನು ಮಾಡಿದಿರಿ?"

ನಾವು ಮಾಡಿದ್ದನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳಿಬಿಡುವುದು ಮೇಲು. ನಮ್ಮ ಮಗಳು ನಾಲ್ಕನೆಯ ವಯಸ್ಸಿಗೆ ಇಲ್ಲಿನ ಶಿಶುವರ್ಗಕ್ಕೆ ಸೇರಿದಾಗ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಅವಳ ಶಿಕ್ಷಕಿ ನಮ್ಮಿಬ್ಬರನ್ನೂ ಕರೆದು ಚಿಕ್ಕ ಕುರ್ಚಿಗಳ ಮೇಲೆ ಕೂರಿಸಿ, ಬಹಳ ಅಕ್ಕರೆಯಿಂದಲೇ, ಇನ್ನು ಮೇಲೆ ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರಿ, ಮಗುವಿಗೆ ಸುಲಭವಾಗುತ್ತದೆ ಎಂದರು. ನಾವು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಬಂದೆವು. ಏಳು ತಿಂಗಳು ನಮ್ಮ ಮನೆಯಲ್ಲಿ ಕನ್ನಡ ಕೇಳಿಸಿದ್ದು ಮಗು ಮಲಗಿದ ಮೇಲೆ ಮಾತ್ರ. ಭಾನುವಾರ ಧಾರವಾಡಕ್ಕೆ ಫೋನು ಮಾಡಿದಾಗ ಅಜ್ಜಿ ಕೇಳಿದ್ದಕ್ಕೆ ಮೊಮ್ಮಗಳು ಮೊದಮೊದಲು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು; ಆಮೇಲೆ ಉತ್ತರ ಕೊಡುವುದನ್ನೇ ಬಿಟ್ಟಳು. "ಯಾಕೋ ತಮ್ಮಾ, ಕೂಸು ನನ್ನ ಕೂಡ ಮಾತಾಡವಲ್ದಲ್ಲ, ಸಿಟ್ಟಾಗೇತೇನು?" ಎಂದು ನಮ್ಮ ತಾಯಿ ಕೇಳಿದ ದಿನ ನಾವು ಏನು ಹೇಳಬೇಕೆಂದು ತಿಳಿಯದೆ ಹವೆಯ ವಿಷಯ ಮಾತಾಡಿದೆವು.

ನಾವು ವೃತ್ತಿಯಿಂದ ರಸಾಯನ ಶಾಸ್ತ್ರದವರು. ಪ್ರಯೋಗಶಾಲೆಯಲ್ಲಿ ಯಾರಾದರೂ "ಇದರಿಂದ ಇದು ಆಗುತ್ತದೆ" ಎಂದರೆ, "ಯಾವ ಪ್ರಯೋಗದಿಂದ ಗೊತ್ತಾಯಿತು? ಯಾವುದರೊಡನೆ ಹೋಲಿಸಿದಿರಿ?" ಎಂದು ಕೇಳುವುದು ನಮ್ಮ ಅಭ್ಯಾಸ. ನಮ್ಮ ಸ್ವಂತ ಮಗುವಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ತಡವಾಗಿಯಾದರೂ ಕೇಳಿದೆವು. ಗ್ರಂಥಾಲಯದಿಂದ ತಂದು ಓದಿದ್ದರ ಸಾರಾಂಶವೇ ಈ ಲೇಖನ. ಎರಡು ಭಾಷೆ ಮಗುವಿನ ಬುದ್ಧಿಗೆ ಕೇಡೋ ಲಾಭವೋ ಎಂಬ ವ್ಯಾಜ್ಯ ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ತೀರ್ಪು ಎರಡು ಸಲ ತಿರುಗಿ ಬಿದ್ದಿದೆ.

ಬುದ್ಧಿಯನ್ನು ಅಳೆಯಲು ಹೊರಟವರು

1905ರಲ್ಲಿ ಪ್ಯಾರಿಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬವರು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ಹಿಂದೆ ಬಿದ್ದು ವಿಶೇಷ ಸಹಾಯ ಬೇಕಾಗಿರುವ ಮಕ್ಕಳು ಯಾರೆಂದು ಗುರುತಿಸುವುದಷ್ಟೇ ಅದರ ಉದ್ದೇಶ. ಆ ಪ್ರಶ್ನಾವಳಿ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬಂದಾಗ, ಹುಟ್ಟಿನಿಂದ ಬಂದ ಬುದ್ಧಿಯನ್ನೇ ಅಳೆಯುವ ತಕ್ಕಡಿ ಎಂಬ ಪದವಿ ಅದಕ್ಕೆ ದೊರೆಯಿತು. 1913ರಲ್ಲಿ ಹೆನ್ರಿ ಗಾಡರ್ಡ್ ಎಂಬ ಮನೋವಿಜ್ಞಾನಿ ತನ್ನ ಸಹಾಯಕಿಯರನ್ನು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪಕ್ಕೆ ಕಳುಹಿಸಿದ. ಹಡಗಿನ ಮೂರನೆಯ ದರ್ಜೆಯಲ್ಲಿ ಬಂದಿಳಿದ ಯಹೂದಿ, ಇಟಾಲಿಯನ್, ಹಂಗೇರಿಯನ್, ರಷ್ಯನ್ ಜನರನ್ನು ದುಭಾಷಿಗಳ ಮೂಲಕ ಪರೀಕ್ಷಿಸಲಾಯಿತು. ಪ್ರತಿಯೊಂದು ಗುಂಪಿನಲ್ಲಿಯೂ ನೂರಕ್ಕೆ ಎಂಬತ್ತರ ಆಸುಪಾಸಿನಷ್ಟು ಜನ ಮಂದಬುದ್ಧಿಯವರು ಎಂಬ ಲೆಕ್ಕ ಬಂತು! ತಾನು ಈ ದೇಶಕ್ಕೆ ಬಂದ ಹೊಸದರಲ್ಲಿ ತನಗೂ ಈ ಪ್ರಶ್ನೆಗಳಿಗೆ ಉತ್ತರ ಹೇಳಲು ಆಗುತ್ತಿರಲಿಲ್ಲ ಎಂದು ಒಬ್ಬ ದುಭಾಷಿ ಗಾಡರ್ಡನಿಗೆ ಹೇಳಿದ್ದುಂಟು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಪರೀಕ್ಷೆಗಳ ಅಂಕಗಳನ್ನು ಆಧರಿಸಿ ಕಾರ್ಲ್ ಬ್ರಿಗ್ಯಾಮ್ ಎಂಬವನು 1923ರಲ್ಲಿ ಒಂದು ಪುಸ್ತಕ ಬರೆದು, ದಕ್ಷಿಣ ಮತ್ತು ಪೂರ್ವ ಯೂರೋಪಿನಿಂದ ಬಂದವರ ಬುದ್ಧಿ ಕೀಳೆಂದು ಸಾರಿದ. ಮರುವರ್ಷ, 1924ರಲ್ಲಿ, ಅಲ್ಲಿಯ ಜನರ ಪ್ರವೇಶವನ್ನು ಬಹಳವಾಗಿ ಮೊಟಕುಗೊಳಿಸಿದ ವಲಸೆ ಕಾನೂನು ಬಂತು. (ನಮ್ಮ ದೇಶದವರಿಗೆ ಆ ಬಾಗಿಲು 1917ರಲ್ಲಿಯೇ ಮುಚ್ಚಿತ್ತು.) ಪರದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಅವರ ಅಂಕ ಹೆಚ್ಚುತ್ತಿತ್ತು ಎಂಬುದು ಬ್ರಿಗ್ಯಾಮನ ಕೋಷ್ಟಕಗಳಲ್ಲಿಯೇ ಇತ್ತು. ಭಾಷೆ ಕಲಿತಂತೆ ಅಂಕ ಏರುತ್ತದೆ ಎಂಬ ಸರಳ ಅರ್ಥವನ್ನು ಅವನು ಆಗ ಒಪ್ಪಲಿಲ್ಲ. ಕೊನೆಗೆ 1930ರಲ್ಲಿ, ಮನೆಯಲ್ಲಿ ಬೇರೆ ಭಾಷೆ ಆಡುವವರನ್ನು ಇಂಗ್ಲಿಷ್ ಪರೀಕ್ಷೆಗಳಿಂದ ಅಳೆಯುವುದು ಸಲ್ಲದೆಂದು, ತನ್ನ ತೀರ್ಮಾನಗಳಿಗೆ ಬುಡವಿಲ್ಲವೆಂದು ಅವನೇ ಬರೆದು ಹಿಂದೆಗೆದುಕೊಂಡ. ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕಾದದ್ದೇ. ಆದರೆ ಕಾನೂನು ಹಿಂದೆ ಹೋಗಲಿಲ್ಲ.

ಇದೇ ಕಾಲದಲ್ಲಿ, 1926ರಲ್ಲಿ, ಫ್ಲಾರೆನ್ಸ್ ಗುಡ್‌ಇನಫ್ ಎಂಬ ಹೆಸರಾಂತ ಮನೋವಿಜ್ಞಾನಿ, ಯಾವ ವಲಸೆ ಗುಂಪುಗಳು ಮನೆಯಲ್ಲಿ ಹಳೆಯ ಭಾಷೆಯನ್ನು ಉಳಿಸಿಕೊಂಡಿವೆಯೋ ಆ ಗುಂಪುಗಳ ಮಕ್ಕಳ ಅಂಕ ಕಡಿಮೆ ಎಂದು ತೋರಿಸಿದರು. ಇದಕ್ಕೆ ಎರಡು ಅರ್ಥ ಹೇಳಬಹುದೆಂದು ಆಕೆ ಒಪ್ಪಿದ್ದರು: ಮನೆಮಾತಿನಿಂದ ಬುದ್ಧಿ ಕುಂದಿರಬಹುದು, ಇಲ್ಲವೆ ಬುದ್ಧಿ ಕಡಿಮೆಯಾದ್ದರಿಂದ ಹೊಸ ಭಾಷೆ ಕಲಿತಿಲ್ಲದಿರಬಹುದು. ಆಕೆಗೆ ಎರಡನೆಯದೇ ಹೆಚ್ಚು ಸರಿಯೆನಿಸಿತು. ಪರೀಕ್ಷೆಯ ಭಾಷೆ ತಿಳಿಯದವರು ಪರೀಕ್ಷೆಯಲ್ಲಿ ಹಿಂದೆ ಬಿದ್ದರು ಎಂಬ ಮೂರನೆಯ ಅರ್ಥಕ್ಕೆ ಬೆಲೆ ಸಿಗಲಿಲ್ಲ.

ವೇಲ್ಸಿನ ಹಳ್ಳಿಗಳು

ನಮ್ಮ ಮಗಳ ಶಿಕ್ಷಕಿಯ ಸಲಹೆಯ ಮೂಲವನ್ನು ಹುಡುಕುತ್ತ ಹೋದರೆ ಬ್ರಿಟನ್ನಿನ ವೇಲ್ಸ್ ಪ್ರಾಂತಕ್ಕೆ ಬಂದು ಮುಟ್ಟುತ್ತೇವೆ. ವೆಲ್ಷ್ ಭಾಷೆಯ ಪಾಡು ಅಲ್ಲಿ ಮೊದಲೇ ಕಷ್ಟದ್ದಾಗಿತ್ತು. 1847ರಲ್ಲಿ ಲಂಡನ್ನಿನ ಸರಕಾರ ಹೊರಡಿಸಿದ ಶಿಕ್ಷಣ ವರದಿ, ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯನ್ನೂ ಹೊಣೆಮಾಡಿತ್ತು. ಹತ್ತೊಂಬತ್ತನೆಯ ಶತಮಾನದ ಹಲವು ಶಾಲೆಗಳಲ್ಲಿ ವೆಲ್ಷ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಮುಂದೆ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಅದು ದಾಟುತ್ತಿತ್ತು. ದಿನದ ಕೊನೆಗೆ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಊರಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಆಡಿದ್ದಕ್ಕೆ ದಂಡ ತೆತ್ತ ಓದುಗರಿಗೆ ಈ ಮರದ ತುಂಡಿನ ಕತೆ ಹೊಸದೆನಿಸಲಾರದು.

1923ರಲ್ಲಿ ಡಿ. ಜೆ. ಸೇರ್ ಎಂಬ ವೇಲ್ಸಿನ ಸಂಶೋಧಕ 7ರಿಂದ 14 ವರ್ಷದ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ. ಹಳ್ಳಿಗಳಲ್ಲಿ ಎರಡು ಭಾಷೆಯ ಮಕ್ಕಳ ಅಂಕ ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಗಿಂತ ಕಡಿಮೆ. ಎರಡು ಭಾಷೆಗಳ ತಿಕ್ಕಾಟದಿಂದ ಮಗುವಿನ ಮನಸ್ಸಿನಲ್ಲಿ ಗೊಂದಲ ಹುಟ್ಟುತ್ತದೆ ಎಂಬುದು ಅವನ ವಿವರಣೆ. ಗೊಂದಲ ಎಂಬ ಆ ಮಾತೇ ನೂರು ವರ್ಷ ನಡೆದು ಬಂದು ನಮ್ಮ ದೀಪಾವಳಿ ಊಟದ ಸಾಲಿನಲ್ಲಿ ನಿಂತಿತ್ತು.

ಆದರೆ ಸೇರನ ಕೋಷ್ಟಕದಲ್ಲಿ ಇನ್ನೊಂದು ಸಾಲೂ ಇತ್ತು. ಪಟ್ಟಣಗಳ ಮಕ್ಕಳಲ್ಲಿ ಒಂದು ಭಾಷೆಯವರಿಗೂ ಎರಡು ಭಾಷೆಯವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಎರಡು ಭಾಷೆಯೇ ರೋಗವಾಗಿದ್ದರೆ ಅದು ಹಳ್ಳಿಯಲ್ಲಿ ಮಾತ್ರ ತಗಲಿ ಪಟ್ಟಣದಲ್ಲಿ ಏಕೆ ತಗಲಲಿಲ್ಲ? ಪಟ್ಟಣದ ಮಗು ಚಿಕ್ಕಂದಿನಲ್ಲೇ ಇಂಗ್ಲಿಷ್ ಮಕ್ಕಳೊಡನೆ ಆಡಿ ಆ ತಿಕ್ಕಾಟವನ್ನು ಬಗೆಹರಿಸಿಕೊಂಡಿರುತ್ತದೆ ಎಂದು ಸೇರ್ ಸಮಾಧಾನ ಹೇಳಿದ. ನಮ್ಮಂಥವರ ಕಣ್ಣಿಗೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಹಳ್ಳಿಯಲ್ಲಿ ವೆಲ್ಷ್ ಆಡುತ್ತಿದ್ದ ಮನೆಗಳು ಯಾರವು? ಇಂಗ್ಲಿಷ್ ಆಡುತ್ತಿದ್ದ ಮನೆಗಳು ಯಾರವು? ತಂದೆಯ ಕಸುಬು, ಮನೆಯ ಪುಸ್ತಕಗಳು ಇವುಗಳ ಲೆಕ್ಕವನ್ನು ಸೇರ್ ಹಿಡಿದಿರಲಿಲ್ಲ. ಎರಡು ದ್ರಾವಣಗಳ ಬಣ್ಣ ಹೋಲಿಸುವಾಗ ಒಂದನ್ನು ಗಾಜಿನ ಪಾತ್ರೆಯಲ್ಲಿಯೂ ಇನ್ನೊಂದನ್ನು ತುಕ್ಕು ಹಿಡಿದ ಡಬ್ಬಿಯಲ್ಲಿಯೂ ಇಟ್ಟರೆ ಹೇಗೋ ಹಾಗೆ. 1950ರ ದಶಕದ ಕೊನೆಯಲ್ಲಿ ವೇಲ್ಸಿನವರೇ ಆದ ಡಬ್ಲ್ಯು. ಆರ್. ಜೋನ್ಸ್ ಎಂಬ ಸಂಶೋಧಕರು ತಂದೆಯ ಉದ್ಯೋಗವನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾತಿಲ್ಲದ ಪರೀಕ್ಷೆಗಳ ಅಂಕಗಳನ್ನು ಹೋಲಿಸಿದಾಗ ಎರಡು ಭಾಷೆಯ ಮಕ್ಕಳ ಆ ಹಿನ್ನಡೆ ನಿಲ್ಲಲಿಲ್ಲ. ಮೂವತ್ತೈದು ವರ್ಷ ಜಗತ್ತು ನಂಬಿದ ಗೊಂದಲದಲ್ಲಿ ದೊಡ್ಡ ಪಾಲು ಬಡತನದ್ದಾಗಿತ್ತು.

ಇಬ್ಬರು ತಂದೆಯರ ದಿನಚರಿ

ಈ ದೊಡ್ಡ ಅಂಕಿಗಳ ಗದ್ದಲದ ನಡುವೆ ಇಬ್ಬರು ತಂದೆಯರು ಸದ್ದಿಲ್ಲದೆ ಬೇರೆ ರೀತಿಯ ಕೆಲಸ ಮಾಡುತ್ತಿದ್ದರು. ಫ್ರಾನ್ಸಿನ ಭಾಷಾಶಾಸ್ತ್ರಿ ಜೂಲ್ ರೋಂಜಾ ಅವರ ಹೆಂಡತಿ ಜರ್ಮನ್ ಮಾತಿನವರು. ಮಗ ಲೂಯಿ ಹುಟ್ಟಿದಾಗ, ತಂದೆ ಫ್ರೆಂಚನ್ನೇ, ತಾಯಿ ಜರ್ಮನನ್ನೇ ಆಡಬೇಕೆಂಬ ನಿಯಮ ಮಾಡಿಕೊಂಡು, ಮಗುವಿನ ಮಾತು ಬೆಳೆದ ಬಗೆಯನ್ನು 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹುಡುಗ ಎರಡು ಭಾಷೆಯನ್ನೂ ಚೆನ್ನಾಗಿಯೇ ಕಲಿತ. ಒಬ್ಬರಿಗೆ ಒಂದು ಭಾಷೆ ಎಂದು ಇಂದಿಗೂ ಎಲ್ಲರೂ ಹೇಳುವ ಸೂತ್ರ ಇಲ್ಲಿಂದ ಬಂದದ್ದು.

ಎರಡನೆಯವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಕಲಿಸುತ್ತಿದ್ದ ವರ್ನರ್ ಲಿಯೊಪೋಲ್ಡ್. 1930ರಲ್ಲಿ ಹುಟ್ಟಿದ ಮಗಳು ಹಿಲ್ಡೆಗಾರ್ಡಳೊಡನೆ ತಾವು ಜರ್ಮನ್ ಮಾತ್ರ ಆಡಿ, ಕೇಳಿದ್ದನ್ನೆಲ್ಲ ಬರೆದಿಟ್ಟು, 1939ರಿಂದ 1949ರ ವರೆಗೆ ನಾಲ್ಕು ಸಂಪುಟ ಹೊರತಂದರು. ಊರೆಲ್ಲ ಇಂಗ್ಲಿಷ್, ಜರ್ಮನ್ ಆಡುವವರು ಅಪ್ಪ ಒಬ್ಬರೇ. ಹುಡುಗಿಯ ಜರ್ಮನ್ ಸೊರಗುತ್ತ ಹೋಯಿತು. ಐದರ ಸುಮಾರಿನಲ್ಲಿ ಕೆಲವು ತಿಂಗಳು ಜರ್ಮನಿಗೆ ಹೋದಾಗ ವಾರಗಳೊಳಗೇ ಜರ್ಮನ್ ಚಿಗುರಿತು, ಇಂಗ್ಲಿಷ್ ಹಿಂದೆ ಸರಿಯಿತು. ತಿರುಗಿ ಬಂದ ಮೇಲೆ ಇದು ತಿರುವುಮುರುವಾಯಿತು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗುವ ನಮಗೆಲ್ಲ ಇದು ಕಂಡ ಸಂಗತಿಯೇ ಅಲ್ಲವೆ? ಲಿಯೊಪೋಲ್ಡ್ ಇನ್ನೊಂದು ಸೂಕ್ಷ್ಮವನ್ನೂ ಬರೆದಿಟ್ಟರು. ಬೇರೆ ಮಕ್ಕಳು ಕತೆ ಕೇಳುವಾಗ ಒಂದು ಶಬ್ದ ಬದಲಾದರೂ ಹಟ ಮಾಡುತ್ತಾರೆ. ಹಿಲ್ಡೆಗಾರ್ಡಳಿಗೆ ಆ ಹಟ ಇರಲಿಲ್ಲ. ಒಂದೇ ವಸ್ತುವನ್ನು ಎರಡು ಬಗೆಯಲ್ಲಿ ಕರೆಯುವುದನ್ನು ಮೊದಲಿಂದ ಕೇಳಿದ ಮಗುವಿಗೆ ಶಬ್ದ ಬೇರೆ, ಅರ್ಥ ಬೇರೆ ಎಂಬುದು ಬೇಗ ಹೊಳೆಯುತ್ತದೆ ಎಂದು ಅವರು ಊಹಿಸಿದರು.

ಮಾಂಟ್ರಿಯಲ್, 1962

ತೀರ್ಪು ತಿರುಗಿದ್ದು ನಾವಿರುವ ಈ ಕೆನಡಾದಲ್ಲಿಯೇ. ಮಾಂಟ್ರಿಯಲಿನ ಮೆಗಿಲ್ ವಿಶ್ವವಿದ್ಯಾನಿಲಯದ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ನಗರದ ಆರು ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನವರು ಮಾಡಿದ ತಪ್ಪು ಇವರಿಗೆ ಗೊತ್ತಿತ್ತು. ಆದ್ದರಿಂದ ವಯಸ್ಸು, ಲಿಂಗ, ಮನೆಯ ಅಂತಸ್ತು ಇವುಗಳನ್ನು ಸರಿದೂಗಿಸಿದರು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿ ಬಿಟ್ಟುಬಿಡದೆ, ಎರಡೂ ಭಾಷೆ ನಿಜವಾಗಿ ಬರುತ್ತದೆಯೇ ಎಂದು ಪರೀಕ್ಷೆಯಿಂದ ಗೊತ್ತುಮಾಡಿಕೊಂಡರು. ಮೊದಲು ನೋಡಿದ 364 ಮಕ್ಕಳಲ್ಲಿ, ಎರಡೂ ಸಮನಾಗಿ ಬಲ್ಲವರು ಮತ್ತು ಒಂದನ್ನೇ ಬಲ್ಲವರು ಎಂದು ಖಚಿತವಾಗಿ ಹೇಳಬಹುದಾದ 164 ಜನರನ್ನು ಮಾತ್ರ ಉಳಿಸಿಕೊಂಡರು.

ಎರಡು ಭಾಷೆಯವರು ಮಾತಿನ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಾರೆಂದೇ ಸಂಶೋಧಕರೂ ಎಣಿಸಿದ್ದರು. ಫಲಿತಾಂಶ ನೋಡಿದರೆ, ಮಾತಿನ ಪರೀಕ್ಷೆಗಳಲ್ಲಿಯೂ ಆಕೃತಿಗಳನ್ನು ಜೋಡಿಸುವಂಥ ಮಾತಿಲ್ಲದ ಪರೀಕ್ಷೆಗಳಲ್ಲಿಯೂ ಅವರೇ ಮುಂದೆ! 1962ರಲ್ಲಿ ಇದು ಪ್ರಕಟವಾದಾಗ ನಲವತ್ತು ವರ್ಷದ ಪಾಠ ತಲೆಕೆಳಗಾಯಿತು.

ಆದರೆ ಇಲ್ಲಿಯೂ ಒಂದು ತೊಡಕಿತ್ತು. ಎರಡು ಭಾಷೆ ಕಲಿತದ್ದರಿಂದ ಈ ಮಕ್ಕಳು ಜಾಣರಾದರೋ, ಜಾಣರಾಗಿದ್ದರಿಂದ ಎರಡನ್ನೂ ಸಮನಾಗಿ ಕಲಿತರೋ? ಇಂಗ್ಲಿಷ್ ಅರೆಬರೆ ಬರುತ್ತಿದ್ದ ಮಕ್ಕಳನ್ನೆಲ್ಲ ಮೊದಲೇ ಸೋಸಿ ತೆಗೆದಿದ್ದರಲ್ಲ! ಐರ್ಲೆಂಡಿನ ಜಾನ್ ಮೆಕ್‌ನಮಾರಾ ಈ ಆಕ್ಷೇಪವನ್ನು ಎತ್ತಿದರು. ಇಂಗ್ಲಿಷ್ ಮನೆಮಾತಿನ ಐರಿಷ್ ಮಕ್ಕಳಿಗೆ ಐರಿಷ್ ಭಾಷೆಯಲ್ಲಿ ಲೆಕ್ಕ ಕಲಿಸಿದಾಗ ಮಾತಿನಲ್ಲಿ ಕೊಟ್ಟ ಲೆಕ್ಕಗಳಲ್ಲಿ ಅವರು ಹಿಂದೆ ಬೀಳುತ್ತಾರೆ ಎಂದು ಅವರು 1966ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದರು.

ಮಾಂಟ್ರಿಯಲಿನ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬ ಉಪನಗರದಲ್ಲಿ ಕೆಲವು ಇಂಗ್ಲಿಷ್ ಮಾತಿನ ತಂದೆತಾಯಿಯರು, ನಮ್ಮ ಮಕ್ಕಳಿಗೆ ಮೊದಲಿಂದಲೇ ಫ್ರೆಂಚಿನಲ್ಲಿ ಪಾಠ ಹೇಳಿರಿ ಎಂದು ಶಾಲಾ ಮಂಡಳಿಯ ಬಾಗಿಲು ತಟ್ಟಿದರು. 1965ರ ಸೆಪ್ಟೆಂಬರಿನಲ್ಲಿ 26 ಮಕ್ಕಳ ಒಂದು ಶಿಶುವರ್ಗ ಆರಂಭವಾಯಿತು. ಲ್ಯಾಂಬರ್ಟ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಟಕರ್ ವರ್ಷವರ್ಷವೂ ಈ ಮಕ್ಕಳನ್ನು ಪರೀಕ್ಷಿಸಿ 1972ರಲ್ಲಿ ವರದಿ ಕೊಟ್ಟರು: ಇಂಗ್ಲಿಷಿಗೆ ಧಕ್ಕೆಯಿಲ್ಲ, ಫ್ರೆಂಚ್ ಬಹಳ ಚೆನ್ನ, ಬುದ್ಧಿಗೆ ಯಾವ ಹಾನಿಯೂ ಇಲ್ಲ. ಇಂದು ಕೆನಡಾದ ಉದ್ದಗಲಕ್ಕೂ ಇರುವ ಫ್ರೆಂಚ್ ಇಮ್ಮರ್ಷನ್ ತರಗತಿಗಳ ತಾಯಿಬೇರು ಇದೇ.

ನಮ್ಮ ಮಗಳಿಗೆ ಆರು ವರ್ಷವಾದಾಗ ಅದೇ ಶಾಲೆಯಿಂದ ಒಂದು ಕರಪತ್ರ ಬಂತು. ಫ್ರೆಂಚ್ ಇಮ್ಮರ್ಷನ್ನಿಗೆ ಸೇರಿಸಿರಿ, ಎರಡನೆಯ ಭಾಷೆಯಿಂದ ಮಗುವಿನ ಮೆದುಳು ಚುರುಕಾಗುತ್ತದೆ ಎಂದು ಅದರಲ್ಲಿತ್ತು. ಎರಡು ವರ್ಷದ ಹಿಂದೆ ಅದೇ ಕಟ್ಟಡದಲ್ಲಿ ನಮ್ಮ ಕನ್ನಡಕ್ಕೆ ಆದ ಉಪಚಾರವನ್ನು ನೆನೆದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಫ್ರೆಂಚ್ ಆದರೆ ಮೆದುಳಿಗೆ ಟಾನಿಕ್, ಕನ್ನಡವಾದರೆ ಗೊಂದಲ!

ಈ ವಿಪರ್ಯಾಸವನ್ನು ಲ್ಯಾಂಬರ್ಟರು 1970ರ ದಶಕದಲ್ಲಿಯೇ ಗುರುತಿಸಿ ಹೆಸರಿಟ್ಟಿದ್ದರು. ಮನೆಯ ಭಾಷೆಗೆ ಮಾನವಿದ್ದು, ಅದರ ಮೇಲೆ ಇನ್ನೊಂದು ಸೇರಿದರೆ ಅದು ಕೂಡುವ ಲೆಕ್ಕ. ಹೊಸದು ಬಂದಂತೆ ಮನೆಯದು ಕರಗುತ್ತ ಹೋದರೆ ಅದು ಕಳೆಯುವ ಲೆಕ್ಕ. ಸೇಂಟ್ ಲ್ಯಾಂಬರ್ಟಿನ ಮಕ್ಕಳದು ಮೊದಲನೆಯದು. ವಲಸೆ ಬಂದವರ ಮಕ್ಕಳದು ಬಹಳ ಮಟ್ಟಿಗೆ ಎರಡನೆಯದು. ನಾವು ಏಳು ತಿಂಗಳು ನಮ್ಮ ಕೈಯಾರ ಮಾಡಿದ್ದು ಕಳೆಯುವ ಲೆಕ್ಕವೇ.

ನಾಯಿಗೆ ಬೆಕ್ಕು ಎಂದರೆ

1962ರ ನಂತರ ಪ್ರಶ್ನೆಯ ರೂಪ ಬದಲಾಯಿತು. ಎಷ್ಟು ಬುದ್ಧಿ ಎಂದು ಕೇಳುವುದನ್ನು ಬಿಟ್ಟು, ಎರಡು ಭಾಷೆಯ ಮಗು ಯೋಚಿಸುವ ರೀತಿಯಲ್ಲಿ ಏನಾದರೂ ಬೇರೆ ಇದೆಯೇ ಎಂದು ಕೇಳತೊಡಗಿದರು. ದಕ್ಷಿಣ ಆಫ್ರಿಕದಲ್ಲಿ ಅನಿತಾ ಇಯಾಂಕೊ-ವೊರಲ್ ಎಂಬವರು ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಎರಡನ್ನೂ ಆಡಿ ಬೆಳೆದ ಮಕ್ಕಳಿಗೆ ಒಂದು ಸುಲಭ ಒಗಟು ಕೊಟ್ಟು 1972ರಲ್ಲಿ ಫಲಿತಾಂಶ ಪ್ರಕಟಿಸಿದರು. 'ಕ್ಯಾಪ್' ಎಂಬುದಕ್ಕೆ ಹತ್ತಿರದ್ದು 'ಕ್ಯಾನ್' ಎಂಬುದೋ 'ಹ್ಯಾಟ್' ಎಂಬುದೋ? ಚಿಕ್ಕ ಮಕ್ಕಳು ಸಾಮಾನ್ಯವಾಗಿ ದನಿ ಹೋಲುವ ಕ್ಯಾನನ್ನು ಆರಿಸುತ್ತಾರೆ. ಎರಡು ಭಾಷೆಯ ಮಕ್ಕಳಲ್ಲಿ ಅರ್ಥದಿಂದ ಹ್ಯಾಟನ್ನು ಆರಿಸುವವರು ಹೆಚ್ಚು. ಈ ತಿಳಿವು ಅವರಿಗೆ ಎರಡು ಮೂರು ವರ್ಷ ಮೊದಲೇ ಬರುತ್ತದೆ ಎಂದು ಆಕೆ ಲೆಕ್ಕ ಹಾಕಿದರು. ವಸ್ತುಗಳ ಹೆಸರನ್ನು ಅದಲು ಬದಲು ಮಾಡಬಹುದೇ ಎಂದೂ ಕೇಳಿದರು. ಲಿಯೊಪೋಲ್ಡರ ಊಹೆಗೆ ಇದರಿಂದ ಬೆಂಬಲ ದೊರೆಯಿತು.

ಇದನ್ನು ಓದಿದ ರಾತ್ರಿ ಊಟಕ್ಕೆ ಕೂತಾಗ ನಾವು ಮಗಳನ್ನು ಕೇಳಿದೆವು, ನಾಯಿಗೆ ಬೆಕ್ಕು ಅಂತ ಹೆಸರಿಟ್ಟರೆ ಏನಾಗುತ್ತದೆ ಎಂದು. "ಅದು ಬೊಗಳೋದ. ಆದ್ರ ಕರದ್ರ ಬರಂಗಿಲ್ಲ, ಅದಕ್ಕ ಆ ಹೆಸರು ಗೊತ್ತಿಲ್ಲಲ್ಲ" ಎಂದಳು. ಒಂದು ಮಗುವಿನ ಉತ್ತರದಿಂದ ಸಿದ್ಧಾಂತ ಕಟ್ಟಬಾರದೆಂದು ನಮಗೆ ಗೊತ್ತು. ಆದರೂ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ದಾರಿಯಲ್ಲಿ ಬಹಳ ದೂರ ನಡೆದವರು ಟೊರಾಂಟೊದ ಯಾರ್ಕ್ ವಿಶ್ವವಿದ್ಯಾನಿಲಯದ ಎಲೆನ್ ಬಯಲಿಸ್ಟಾಕ್. ಎರಡು ಭಾಷೆಯವರ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ, ಒಂದನ್ನು ಆಡುವಾಗ ಇನ್ನೊಂದನ್ನು ತಡೆಹಿಡಿಯಬೇಕಾಗುತ್ತದೆ, ಈ ದಿನನಿತ್ಯದ ಸಾಧನೆಯಿಂದ ಗಮನವನ್ನು ಹತೋಟಿಯಲ್ಲಿಡುವ ಶಕ್ತಿ ಬೆಳೆಯುತ್ತದೆ ಎಂಬುದು ಅವರ ವಾದ. 2004ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಯಿತು. ಪರದೆಯ ಮೇಲೆ ಒಂದು ಬಣ್ಣದ ಚೌಕ ಕಂಡರೆ ಎಡಗೈಯ ಗುಂಡಿ, ಇನ್ನೊಂದು ಬಣ್ಣದ್ದಾದರೆ ಬಲಗೈಯದು ಒತ್ತಬೇಕು. ಎಡಗೈಯ ಬಣ್ಣ ಬಲಬದಿಯಲ್ಲಿ ಕಂಡಾಗ ಯಾರಿಗೂ ಕೈ ತಡವರಿಸುತ್ತದೆ. ಎರಡು ಭಾಷೆಯ ವಯಸ್ಕರಿಗೆ, ಅದರಲ್ಲೂ ಮುದುಕರಿಗೆ, ತಡವರಿಕೆ ಕಡಿಮೆ ಎಂದು ಕಂಡಿತು. ಮೊದಲ ಪ್ರಯೋಗದ ಎರಡು ಭಾಷೆಯವರು ಯಾರು ಗೊತ್ತೆ? ಭಾರತದಲ್ಲಿ ವಾಸಿಸುವ ತಮಿಳು-ಇಂಗ್ಲಿಷ್ ಬಲ್ಲವರು. ಒಂದು ಭಾಷೆಯವರು ಕೆನಡಾದವರು. ನಮ್ಮ ನೆರೆಯವರ ಗೆಲುವಿಗೆ ಹೆಮ್ಮೆ ಪಡೋಣ; ಆದರೆ ಇವೆರಡು ಗುಂಪುಗಳಿಗೆ ಭಾಷೆಯೊಂದರಲ್ಲಿ ಮಾತ್ರ ವ್ಯತ್ಯಾಸ ಎಂದು ಯಾರು ಹೇಳಬಲ್ಲರು? ಅನ್ನ, ನಿದ್ದೆ, ಓದು, ಉದ್ಯೋಗ ಎಲ್ಲವೂ ಬೇರೆ. ಸೇರನನ್ನು ಯಾವ ಪ್ರಶ್ನೆ ಕೇಳಿದೆವೋ ಅದನ್ನು ಇಲ್ಲಿಯೂ ಕೇಳುವುದು ನ್ಯಾಯ.

ನಮ್ಮ ನಾಡಿನ ಸಾಕ್ಷ್ಯ

ಪಡುವಣದ ಈ ಚರ್ಚೆಯಲ್ಲಿ ಒಂದು ಭಾಷೆ ಎಂಬುದು ಸಹಜ ಸ್ಥಿತಿ, ಎರಡು ಎಂಬುದು ವಿಶೇಷ. ನಮ್ಮ ಕಡೆ ಹಾಗಿಲ್ಲ. ಸಾಂಗ್ಲಿ ಜಿಲ್ಲೆಯ ಕುಪ್‌ವಾಡ ಎಂಬ ಹಳ್ಳಿಯನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾಶಾಸ್ತ್ರಿಗಳು 1971ರಲ್ಲಿ ವರ್ಣಿಸಿ ಜಗತ್ಪ್ರಸಿದ್ಧ ಮಾಡಿದರು. ಅಲ್ಲಿ ಜೈನರ, ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಮರಾಠಿಯೂ ಕೊಂಚ ತೆಲುಗೂ ಉಂಟು. ಶತಮಾನಗಳ ಒಡನಾಟದಿಂದ ಅಲ್ಲಿಯ ಕನ್ನಡ, ಮರಾಠಿ, ಉರ್ದು ಇವುಗಳ ವಾಕ್ಯದ ಕಟ್ಟು ಹೆಚ್ಚು ಕಡಿಮೆ ಒಂದೇ ಆಗಿಹೋಗಿದೆ, ಶಬ್ದಗಳು ಮಾತ್ರ ಬೇರೆ ಬೇರೆ ಉಳಿದಿವೆ ಎಂದು ಅವರು ತೋರಿಸಿದರು. ಯಾರ ತಲೆಯೂ ಗೊಂದಲವಾದಂತೆ ಕಾಣಲಿಲ್ಲ. ನಮ್ಮ ತಾಯಿಯೇ ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ಮರಾಠಿ, ಬಳೆಗಾರನೊಡನೆ ಉರ್ದು ಆಡುತ್ತ ಬೆಳೆದವರು. ತಮ್ಮನ್ನು ಬಹುಭಾಷಾ ಪಂಡಿತರೆಂದು ಅವರು ಎಣಿಸಿದವರಲ್ಲ.

ಒಡಿಶಾದ ಫುಲ್‌ಬಾಣಿ ಕಡೆಯ ಕಂಧ ಬುಡಕಟ್ಟಿನಲ್ಲಿ ಅಜಿತ್ ಮೊಹಾಂತಿಯವರು ಮಾಡಿದ ಅಧ್ಯಯನ ನಮಗೆ ಬಹಳ ಹಿಡಿಸಿತು. ಒಂದೇ ಬುಡಕಟ್ಟು, ಒಂದೇ ಬಗೆಯ ಜೀವನ. ಕೆಲವು ಊರುಗಳಲ್ಲಿ ಕುಯಿ ಭಾಷೆ ಮರೆತುಹೋಗಿ ಒಡಿಯಾ ಮಾತ್ರ ಉಳಿದಿದೆ. ಕೆಲವು ಊರುಗಳಲ್ಲಿ ಕುಯಿಯೂ ಒಡಿಯಾವೂ ಎರಡೂ ಇವೆ. ಪ್ರಕೃತಿಯೇ ಸಿದ್ಧಪಡಿಸಿಕೊಟ್ಟ ಪ್ರಯೋಗವಿದು. ಪಾತ್ರೆ ಒಂದೇ, ದ್ರಾವಣ ಎರಡು. ಎರಡು ಭಾಷೆಯ ಮಕ್ಕಳು ಹಲವು ಪರೀಕ್ಷೆಗಳಲ್ಲಿ, ಅದರಲ್ಲೂ ಭಾಷೆಯನ್ನು ಕುರಿತೇ ಯೋಚಿಸಬೇಕಾದ ಪರೀಕ್ಷೆಗಳಲ್ಲಿ, ಮುಂದೆ ಬಂದರು. ಈ ಅಧ್ಯಯನಗಳ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ.

2013ರಲ್ಲಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಸುವರ್ಣಾ ಆಲ್ಲಾಡಿ ಅವರ ತಂಡ ಮರೆವಿನ ರೋಗದ 648 ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದೆ ಎಂದು ವರದಿ ಮಾಡಿತು. ಓದು ಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಬೇರೆ ದೇಶಗಳ ದೀರ್ಘಕಾಲದ ಅಧ್ಯಯನಗಳೆಲ್ಲ ಇದನ್ನು ಸಮರ್ಥಿಸಿಲ್ಲ. ಆದರೆ ಹೈದರಾಬಾದಿನವರು ವಲಸೆಗಾರರಲ್ಲ, ಆದ್ದರಿಂದ ವಲಸೆಯ ಪ್ರಭಾವ ಇಲ್ಲಿ ಬೆರೆತಿಲ್ಲ ಎಂಬುದು ಇದರ ತೂಕ.

ತಿರುಗಿ ಬಿದ್ದ ತೀರ್ಪು

ಇಷ್ಟಕ್ಕೆ ಲೇಖನ ಮುಗಿಸಿದ್ದರೆ ನಮ್ಮ ಸಂಘದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಅದು ಪೂರ್ತಿ ಸತ್ಯವಾಗುತ್ತಿರಲಿಲ್ಲ.

2013ರಿಂದ ಸಂದೇಹದ ದನಿಗಳು ಜೋರಾದವು. ಅಮೆರಿಕದ ಕೆನೆತ್ ಪಾಪ್ ಮತ್ತು ಜಕಾರಿ ಗ್ರೀನ್‌ಬರ್ಗ್ ಹಲವು ಪ್ರಯೋಗ ನಡೆಸಿ ಎರಡು ಭಾಷೆಯವರಿಗೆ ಅಂಥ ಮೇಲುಗೈ ಕಾಣಲಿಲ್ಲ ಎಂದರು. 2014ರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಸಂಶೋಧಕರು ಎರಡು ಭಾಷೆಯ 252 ಮತ್ತು ಒಂದು ಭಾಷೆಯ 252 ಮಕ್ಕಳನ್ನು ಹೋಲಿಸಿದಾಗಲೂ ವ್ಯತ್ಯಾಸ ಸಿಗಲಿಲ್ಲ. 2015ರಲ್ಲಿ ಎಡಿನ್‌ಬರೊದ ತಂಡವೊಂದು, ಸಮ್ಮೇಳನಗಳಲ್ಲಿ ಮಂಡಿಸಿದ ಅಧ್ಯಯನಗಳಲ್ಲಿ ಯಾವುವು ಕೊನೆಗೆ ಅಚ್ಚಾದವು ಎಂದು ಹುಡುಕಿತು. ಎರಡು ಭಾಷೆಯಿಂದ ಲಾಭ ಎಂದವು ಹೆಚ್ಚಾಗಿ ಅಚ್ಚಾಗಿದ್ದವು, ಲಾಭವಿಲ್ಲ ಎಂದವು ಕಡಿಮೆ. ಫಲ ಕೊಡದ ಪ್ರಯೋಗದ ಟಿಪ್ಪಣಿ ಮೇಜಿನ ಖಾನೆಯಲ್ಲಿಯೇ ಉಳಿಯುವುದು ನಮ್ಮ ಶಾಸ್ತ್ರದಲ್ಲಿಯೂ ಇದೆ. ನಮ್ಮ ಖಾನೆಯಲ್ಲಿಯೂ ಕೆಲವಿವೆ. 2019ರಲ್ಲಿ ಅಮೆರಿಕದ 9-10 ವರ್ಷದ 4,524 ಮಕ್ಕಳ ಅಂಕಗಳನ್ನು ನೋಡಿದಾಗ ಗಮನದ ಹತೋಟಿಯಲ್ಲಿ ಯಾವ ಮೇಲುಗೈಯೂ ಕಾಣಲಿಲ್ಲ; ಇಂಗ್ಲಿಷ್ ಶಬ್ದಸಂಪತ್ತು ಕೊಂಚ ಕಡಿಮೆಯೆಂದು ಕಂಡಿತು.

ಈ ಶಬ್ದಸಂಪತ್ತಿನ ವಿಷಯ ಮಾತ್ರ ತಂದೆತಾಯಿಯರು ಚೆನ್ನಾಗಿ ತಿಳಿದುಕೊಳ್ಳಬೇಕು. 2010ರಲ್ಲಿ ಬಯಲಿಸ್ಟಾಕರೇ 1,738 ಮಕ್ಕಳ ಇಂಗ್ಲಿಷ್ ಶಬ್ದಜ್ಞಾನವನ್ನು ಹೋಲಿಸಿ, ಎರಡು ಭಾಷೆಯವರದು ಸರಾಸರಿಯಲ್ಲಿ ಕಡಿಮೆ ಎಂದು ಒಪ್ಪಿದರು. ಆದರೆ ಆ ಕೊರತೆ ಹೆಚ್ಚಾಗಿ ಮನೆಯ ಶಬ್ದಗಳಲ್ಲಿ. ಶಾಲೆಯ ಶಬ್ದಗಳಲ್ಲಿ ಅಲ್ಲ. ಸಹಜವೇ ಅಲ್ಲವೆ? ನಮ್ಮ ಮಗಳಿಗೆ ಜರಡಿ, ಲಟ್ಟಣಿಗೆ, ಒಗ್ಗರಣೆ ಇವುಗಳಿಗೆ ಇಂಗ್ಲಿಷ್ ಶಬ್ದ ಗೊತ್ತಿಲ್ಲ. ಮಯಾಮಿಯ ಸಂಶೋಧಕರು 1993ರಲ್ಲಿ ತೋರಿಸಿದಂತೆ, ಮಗುವಿನ ಎರಡೂ ಭಾಷೆಯ ಶಬ್ದಗಳನ್ನು ಸೇರಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದು ಜೇಬನ್ನು ಮಾತ್ರ ತಡವಿ ಮಗು ಬಡವ ಎನ್ನಬಾರದು. ಇನ್ನು ಮಾತು ನಿಜವಾಗಿಯೇ ತಡವಾಗುವ ತೊಂದರೆಯುಳ್ಳ ಮಕ್ಕಳ ವಿಷಯ: ಮಾಂಟ್ರಿಯಲಿನ ಸಂಶೋಧಕರು 2003ರಲ್ಲಿ ಅಂಥ ಮಕ್ಕಳನ್ನೇ ಹೋಲಿಸಿದಾಗ, ಎರಡು ಭಾಷೆಯವರ ತೊಂದರೆ ಒಂದು ಭಾಷೆಯವರದಕ್ಕಿಂತ ಹೆಚ್ಚಾಗಿರಲಿಲ್ಲ. ಅಂಥ ಮಗುವನ್ನು ತಜ್ಞರಿಗೆ ತೋರಿಸಲೇಬೇಕು. ತೋರಿಸುವಾಗ ಅದರ ಕನ್ನಡದ ಮಾತುಗಳನ್ನೂ ಎಣಿಸಿ ಹೇಳಬೇಕು. ಕನ್ನಡವನ್ನು ಕೈಬಿಡಬೇಕಾಗಿಲ್ಲ.

ನಮಗೆ ತಿಳಿದಷ್ಟು

ಎರಡು ಭಾಷೆಯಿಂದ ಬುದ್ಧಿ ಕೆಡುತ್ತದೆ ಎಂಬ 1923ರ ಮಾತು ನಿಲ್ಲಲಿಲ್ಲ. ಎರಡು ಭಾಷೆಯಿಂದ ಬುದ್ಧಿ ಬಹಳ ಹೆಚ್ಚುತ್ತದೆ ಎಂಬ ಮಾತೂ ಗಟ್ಟಿಯಾಗಿ ನಿಂತಿಲ್ಲ. ಶಬ್ದ ಬೇರೆ, ಅರ್ಥ ಬೇರೆ ಎಂಬ ತಿಳಿವು ಬೇಗ ಬರುವುದು ಸಂಭವ. ಉಳಿದ ಲಾಭಗಳ ಬಗೆಗೆ ಪಂಡಿತರು ಇನ್ನೂ ವಾದಿಸುತ್ತಿದ್ದಾರೆ, ವಾದಿಸಲಿ. ನಾವು ಕನ್ನಡವನ್ನು ಮಕ್ಕಳಿಗೆ ಬ್ರಾಹ್ಮಿ ಎಣ್ಣೆಯಂತೆ ತಲೆಗೆ ತಿಕ್ಕುವುದಾದರೆ, ನಾಳೆ ಇನ್ನೊಂದು ಸಂಶೋಧನೆ ಬಂದು ಇದರಿಂದ ಪ್ರಯೋಜನವಿಲ್ಲ ಎಂದಾಗ ಕೈ ತೊಳೆದುಕೊಳ್ಳಬೇಕಾಗುತ್ತದೆ. ನಮಗೆ ಕನ್ನಡ ಬೇಕಾಗಿದ್ದು ಧಾರವಾಡದ ಫೋನಿಗೆ.

ಏಳು ತಿಂಗಳ ನಂತರ ಮತ್ತೆ ಕನ್ನಡ ಶುರುಮಾಡಿದಾಗ ಮಗಳು ಮೊದಲ ವಾರ ನಮ್ಮನ್ನು ವಿಚಿತ್ರವಾಗಿ ನೋಡಿದಳು. ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆ ಬೇಸಿಗೆ ಊರಿಗೆ ಕಳುಹಿಸಿದೆವು. ಹಿಲ್ಡೆಗಾರ್ಡಳಂತೆ ಅವಳದೂ ವಾರಗಳಲ್ಲಿ ಚಿಗುರಿತು. ತಿರುಗಿ ಬಂದ ಮೇಲೆ ಇಂಗ್ಲಿಷೂ ಫ್ರೆಂಚೂ ತಮ್ಮ ಪಾಲು ಕೇಳುತ್ತಲೇ ಇವೆ. ಇಂದು ಅವಳಿಗೆ ಎಂಟು ವರ್ಷ. ವಾಕ್ಯದಲ್ಲಿ ಅರ್ಧ ಇಂಗ್ಲಿಷ್ ಬೆರೆಯುತ್ತದೆ, 'ಳ'ಕಾರ ಇನ್ನೂ ನಾಲಿಗೆಗೆ ಪೂರ್ತಿ ಹೊರಳುವುದಿಲ್ಲ. ತರಗತಿಯಲ್ಲಿ ಮಾತ್ರ ಈಗ ಬಾಯಿ ಮುಚ್ಚಿಸುವುದೇ ಕಷ್ಟವಂತೆ. ಕಳೆದ ಭಾನುವಾರ ನಮ್ಮ ತಾಯಿ ಅವಳೊಡನೆ ಅರ್ಧ ಗಂಟೆ ಮಾತಾಡಿ, ನಮ್ಮ ಕೈಗೆ ಫೋನು ಕೊಡಿಸುವುದನ್ನು ಮರೆತು ಇಟ್ಟುಬಿಟ್ಟರು.

ಆ ತರುಣ ದಂಪತಿಗಳಿಗೆ ಊಟದ ಸಾಲಿನಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ. "ಮಗುವನ್ನು ಡಾಕ್ಟರಿಗೆ ತೋರಿಸಿ, ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂದು ನೋಡಿಸಿ. ಕನ್ನಡ ಮಾತ್ರ ನಿಲ್ಲಿಸಬೇಡಿ" ಎಂದಷ್ಟೇ ಹೇಳಿದೆವು. ಉಳಿದದ್ದನ್ನು ಇಲ್ಲಿ ಬರೆದಿದ್ದೇವೆ. ನಮ್ಮ ಹಾಗೆ ನಿಲ್ಲಿಸಿ ಮತ್ತೆ ಆರಂಭಿಸಿದವರು, ನಿಲ್ಲಿಸದೆಯೇ ನಡೆಸಿಕೊಂಡು ಬಂದವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿರಬೇಕು. ತಮ್ಮ ಅನುಭವಗಳನ್ನು ಸಂಪಾದಕರಿಗೆ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅವು ಹೊಸ ತಂದೆತಾಯಿಯರಿಗೆ ಉಪಯೋಗವಾದಾವು.